ಕಚೇರಿ ಕಟ್ಟಡದ ತಾರಸಿಯ ಜೇನುಪೆಟ್ಟಿಗೆಗಳು: ಭಾನುವಾರದ ಸಭೆಗೆ ಮುನ್ನ

ಸಂಘದ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ಮುಖ್ಯರಸ್ತೆಯ ಕಚೇರಿ ಕಟ್ಟಡದವರಿಂದ ಪತ್ರ ಬಂದಿದೆ. ತಾರಸಿಯಲ್ಲಿ ಈಗಿರುವ ನಾಲ್ಕು ಜೇನುಪೆಟ್ಟಿಗೆಗಳ ಜೊತೆಗೆ ಇನ್ನೂ ಹದಿನಾರು ಇಡುತ್ತಾರಂತೆ. ‘ನಗರದ ಜೀವವೈವಿಧ್ಯಕ್ಕೆ ನಮ್ಮ ಕಾಣಿಕೆ’ ಎಂದು ಬರೆದಿದ್ದಾರೆ. ಭಾನುವಾರ ಅವರ ವ್ಯವಸ್ಥಾಪಕರು ಸಭೆಗೆ ಬರುತ್ತಾರೆ. ಅಷ್ಟರೊಳಗೆ ನಮ್ಮದೊಂದು ನಿಲುವು ಇರಲಿ. ಈ ಗುಂಪಿನಲ್ಲಿ ಶುಭೋದಯದ ಚಿತ್ರಗಳನ್ನು ದಯವಿಟ್ಟು ಎರಡು ದಿನ ತಡೆಹಿಡಿಯಿರಿ.

ಮನೆ 27:
ನಿಲುವೇನು ಬಂತು, ತೆಗೆಸಿ ಅಷ್ಟೇ. ನಮ್ಮ ತಾರಸಿಯ ನಲ್ಲಿಯ ಸುತ್ತ ಬೆಳಗಿನಿಂದ ಜೇನುನೊಣಗಳು. ಒದ್ದೆ ಬಟ್ಟೆ ಹರವಿದರೆ ಅದರ ಮೇಲೂ ಕೂರುತ್ತವೆ. ಹೆಜ್ಜೇನು ಎದ್ದರೆ ಏನಾಗುತ್ತದೆಂದು ಬಲ್ಲವರು ಇದಕ್ಕೆ ಒಪ್ಪುವುದಿಲ್ಲ.

ಮನೆ 9:
ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲು ಬರುವುದಿಲ್ಲ ಸರ್. ಅದು ಬಯಲಲ್ಲಿ ಮೇಣದ ಒಂದೇ ಎರಿ ಕಟ್ಟುವ ಜಾತಿ. ಪೆಟ್ಟಿಗೆಗೆ ಒಗ್ಗುವುದು ಕತ್ತಲಲ್ಲಿ ಸಾಲಾಗಿ ಹಲವು ಎರಿ ಕಟ್ಟುವ ನಮ್ಮ ತುಡುವೆ ಮತ್ತು ಹೊರದೇಶದಿಂದ ಬಂದ ಮೆಲ್ಲಿಫೆರಾ ಜೇನು. ನಾನು ಜೇನು ಸಾಕಿದವನು, ಅದಕ್ಕೇ ಹೇಳುತ್ತಿದ್ದೇನೆ.

ನಿಮ್ಮ ನಲ್ಲಿಗೆ ಅವು ಬರುವುದು ಬಾಯಾರಿಕೆಗಷ್ಟೇ ಅಲ್ಲ. ಮರಿಗಳಿರುವ ಎರಿ 34–35 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಕಾಂಕ್ರೀಟು ಕಾದಾಗ ನೀರು ತಂದು ಗೂಡಿನೊಳಗೆ ಸವರಿ, ರೆಕ್ಕೆ ಬೀಸಿ ತಂಪು ಮಾಡುತ್ತವೆ. ಪೆಟ್ಟಿಗೆ ಇಟ್ಟವರು ನೀರು ಇಡಲಿಲ್ಲ, ನೀವು ಇಟ್ಟಿರಿ! ಒಮ್ಮೆ ನೀರಿನ ಜಾಗ ಗುರುತಿಸಿಕೊಂಡ ಮೇಲೆ ಅವುಗಳನ್ನು ಬೇರೆಡೆಗೆ ತಿರುಗಿಸುವುದು ಕಷ್ಟ. ಹಾಗಾಗಿ ಪೆಟ್ಟಿಗೆ ಬಂದ ಮೊದಲ ದಿನದಿಂದಲೇ ಪಕ್ಕದಲ್ಲಿ ನೀರಿನ ಅಗಲವಾದ ತಟ್ಟೆ ಇರಬೇಕು, ಅದರಲ್ಲಿ ಕಲ್ಲುಗಳಿರಬೇಕು. ಕೂರಲು ಜಾಗವಿಲ್ಲದಿದ್ದರೆ ಮುಳುಗಿ ಸಾಯುತ್ತವೆ.

ಮನೆ 33:
ನನ್ನ ಮಗಳಿಗೆ ಜೇನಿನ ವಿಷ ಒಗ್ಗುವುದಿಲ್ಲ. ಅಲರ್ಜಿ ತೀವ್ರವಾದರೆ ಕೊಡುವ ಎಪಿನೆಫ್ರಿನ್ ಚುಚ್ಚುಮದ್ದನ್ನು ಸದಾ ಕೈಗೆಟುಕುವಂತೆ ಇಡಬೇಕೆಂದು ವೈದ್ಯರು ಹೇಳಿದ್ದಾರೆ. ನೀರಿನ ತಟ್ಟೆಯಿಂದ ನನಗೆ ಸಮಾಧಾನವಾಗದು. ಪೆಟ್ಟಿಗೆ ತೆರೆಯುವುದು ಯಾವಾಗ, ಹಿಂಡು ಎದ್ದರೆ ಯಾರನ್ನು ಕರೆಯಬೇಕು, ಇಷ್ಟು ತಿಳಿಯದೆ ನನ್ನ ಒಪ್ಪಿಗೆ ಇಲ್ಲ.

ಮನೆ 9:
ನ್ಯಾಯವಾದ ಪ್ರಶ್ನೆ ಅಕ್ಕ. ಒಂದು ಗೂಡಿನ ಜೇನುಕುಟುಂಬ ಎರಡಾಗಿ ಪಾಲಾದಾಗ ಹಳೆಯ ರಾಣಿ ದೊಡ್ಡ ಹಿಂಡಿನೊಂದಿಗೆ ಹೊರಟು ಯಾವುದಾದರೂ ಕೊಂಬೆಗೋ ಸಜ್ಜೆಗೋ ಗೊಂಚಲಾಗಿ ಜೋತುಬೀಳುತ್ತದೆ. ಕಾಯಲು ಎರಿಯಾಗಲಿ ಮರಿಯಾಗಲಿ ಇಲ್ಲದ ಆ ಹೊತ್ತಿನಲ್ಲಿ ಅವು ಸಾಮಾನ್ಯವಾಗಿ ಕುಟುಕುವುದಿಲ್ಲ. ಕಲ್ಲು ಹೊಡೆದರೆ, ಔಷಧ ಸಿಂಪಡಿಸಿದರೆ ಮಾತು ಬೇರೆ. ಒಂದು ಕುಟುಕಿದರೆ ಆ ಜಾಗದಿಂದ ಬಾಳೆಹಣ್ಣಿನಂಥ ವಾಸನೆ ಏಳುತ್ತದೆ; ಉಳಿದವುಗಳಿಗೆ ಅದೇ ಎಚ್ಚರಿಕೆಯ ಗಂಟೆ. ಪಾಲಾಗುವ ಕಾಲದಲ್ಲಿ ವಾರಕ್ಕೊಮ್ಮೆ ಎರಿ ಎತ್ತಿ, ಹೊಸ ರಾಣಿ ಬೆಳೆಯುವ ರಾಣಿಕೋಶ ಹುಡುಕುವವರು ಬೇಕು. ಇಪ್ಪತ್ತು ಪೆಟ್ಟಿಗೆಗೆ ಆ ಕೆಲಸ ಮಾಡುವವರು ಯಾರು? ಉದ್ಘಾಟನೆಯ ದಿನ ಮುಸುಕು ತೊಟ್ಟು ಚಿತ್ರ ತೆಗೆಸಿಕೊಂಡವರಂತೂ ಅಲ್ಲ.

ಮನೆ 52:
ಪ್ಯಾರಿಸ್ಸಿನ ಒಪೆರಾ ಗಾರ್ನಿಯೆ ಮಾಳಿಗೆಯಲ್ಲಿ 1980ರ ದಶಕದಿಂದ ಜೇನು ಸಾಕುತ್ತಿದ್ದಾರೆ. ನ್ಯೂಯಾರ್ಕ್ 2010ರಲ್ಲಿ ನಿಷೇಧವನ್ನೇ ತೆಗೆಯಿತು. 2019ರಲ್ಲಿ ನೊಟ್ರೆ ಡಾಮ್ ಹೊತ್ತಿ ಉರಿದಾಗಲೂ ಅಲ್ಲಿನ ಮಾಳಿಗೆಯ ಜೇನು ಬದುಕುಳಿಯಿತು. ನಾವು ಮಾತ್ರ ಹೆದರಿ ಕೂರುವುದೇ?

ಮನೆ 41:
ಹೆದರಿಕೆಯ ಮಾತಲ್ಲ ತಮ್ಮಾ. ನನಗೆ ಒಪ್ಪಿಗೆಯಾಗದ್ದು ಆ ಪತ್ರದ ‘ಜೀವವೈವಿಧ್ಯ’. ಜಗತ್ತಿನಲ್ಲಿ ಜೇನಿನ ಬಳಗಕ್ಕೆ ಸೇರಿದ 20,000ಕ್ಕೂ ಹೆಚ್ಚು ಪ್ರಭೇದಗಳಿವೆ. ಹೆಚ್ಚಿನವಕ್ಕೆ ರಾಣಿಯೂ ಇಲ್ಲ, ಹಿಂಡೂ ಇಲ್ಲ. ಒಂಟಿಯಾಗಿ ಮಣ್ಣಿನಲ್ಲಿ ಬಿಲ ತೋಡಿಯೋ ಒಣಗಿದ ಕಡ್ಡಿ ಕೊರೆದೋ ಮೊಟ್ಟೆ ಇಡುತ್ತವೆ. ಅಳಿವಿನ ಅಂಚಿಗೆ ಸರಿಯುತ್ತಿರುವುದು ಇಂಥವು. ಪೆಟ್ಟಿಗೆಯ ಜೇನು ಸಾಕುಪ್ರಾಣಿ, ಅದಕ್ಕೆ ನೋಡಿಕೊಳ್ಳುವವರಿದ್ದಾರೆ.

ಪೆಟ್ಟಿಗೆ ಬಂದರೆ ಹೂವು ಹೆಚ್ಚುವುದಿಲ್ಲ, ಉಣ್ಣುವ ಬಾಯಿ ಹೆಚ್ಚುತ್ತದೆ. ತೊಟ್ಟಿಯಲ್ಲಿ ನೀರಿಲ್ಲದೆ ನಲ್ಲಿ ಮಾತ್ರ ಜೋಡಿಸುತ್ತ ಹೋದಂತೆ. ಬಲವಾದ ಒಂದು ಮೆಲ್ಲಿಫೆರಾ ಕುಟುಂಬ ಬೇಸಿಗೆಯ ಮೂರು ತಿಂಗಳಲ್ಲಿ ಒಯ್ಯುವ ಪರಾಗದಲ್ಲಿ ಸುಮಾರು ಒಂದು ಲಕ್ಷ ಒಂಟಿ ನೊಣಗಳ ಮರಿಗಳು ಬೆಳೆಯಬಹುದಿತ್ತು ಎಂದು ಅಮೆರಿಕದ ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಒಂದು ಪೆಟ್ಟಿಗೆಯ ಲೆಕ್ಕ ಇದು. ಸ್ವಿಟ್ಜರ್ಲೆಂಡಿನ 14 ನಗರಗಳಲ್ಲಿ 2012ರಲ್ಲಿ 3,139 ಇದ್ದ ಪೆಟ್ಟಿಗೆಗಳು 2018ಕ್ಕೆ 9,370 ಆದವು. ಅಷ್ಟನ್ನು ಸಾಕುವಷ್ಟು ಹಸಿರು ಹೆಚ್ಚಿನ ಕಡೆ ಇರಲಿಲ್ಲ. ಲಂಡನ್ನಿನ ಕ್ಯೂ ಸಸ್ಯೋದ್ಯಾನದವರು 2020ರಲ್ಲೇ ಇದೇ ಎಚ್ಚರಿಕೆ ಕೊಟ್ಟಿದ್ದಾರೆ.

ಇನ್ನೊಂದು ಸಂಗತಿ. ಟೊಮೆಟೊ, ಬದನೆ ಹೂವಿನ ಪರಾಗ ಸಣ್ಣ ರಂಧ್ರದಿಂದ ಉದುರಬೇಕು. ಹೂವನ್ನು ಅಪ್ಪಿ ಹಿಡಿದು ಮೈ ನಡುಗಿಸುವ, ಜೇನಿನ ಬಳಗದ್ದೇ ಆದ ದುಂಬಿಗಳಿಗೆ ಆ ವಿದ್ಯೆ ಗೊತ್ತು, ಪೆಟ್ಟಿಗೆಯ ಜೇನಿಗೆ ಗೊತ್ತಿಲ್ಲ. ದುಂಬಿ ಹಸಿದು ಜಾಗ ಬಿಟ್ಟರೆ ಇಪ್ಪತ್ತು ಪೆಟ್ಟಿಗೆಯೂ ಅದರ ಕೆಲಸ ಮಾಡಿಕೊಡಲಾರವು.

ಮನೆ 9:
ಮೇಡಂ, ಜೇನನ್ನು ಖಳನಾಯಕನನ್ನಾಗಿ ಮಾಡಬೇಡಿ. ನಾಲ್ಕು ಪೆಟ್ಟಿಗೆಯಿಂದ ದುಂಬಿಯ ವಂಶ ಮುಳುಗುವುದಿಲ್ಲ. ಅವುಗಳನ್ನು ನೋಡಲು ಬಂದ ಮಕ್ಕಳು ಹೂವನ್ನೂ ಗಮನಿಸಲು ಕಲಿಯುತ್ತಾರೆ. ಆದರೆ ಇಪ್ಪತ್ತು ಹೆಚ್ಚಾಯಿತು, ಇದನ್ನು ಜೇನು ಸಾಕಿದ ನಾನೇ ಹೇಳುತ್ತೇನೆ. ಹೂವಿಲ್ಲದ ಕಾಲದಲ್ಲಿ ಸಕ್ಕರೆ ಪಾನಕ ಕುಡಿಸಿ ಉಳಿಸಿಕೊಳ್ಳಬೇಕಾಗುತ್ತದೆ. ಒತ್ತೊತ್ತಾಗಿ ಇಟ್ಟರೆ ಒಂದರ ಜೇನನ್ನು ಇನ್ನೊಂದು ದೋಚುತ್ತದೆ, ರೋಗವೂ ಬೇಗ ದಾಟುತ್ತದೆ.

ಮನೆ 52:
ಹಾಗಾದರೆ ಹದಿನಾರರ ಬದಲು ಅದೇ ದುಡ್ಡಿನಲ್ಲಿ ತಾರಸಿ ತುಂಬ ಹೂಗಿಡ ಮಾಡಿಸಿ ಎನ್ನೋಣವೇ? ನೆದರ್ಲೆಂಡ್ಸ್‌ನ ಯೂಟ್ರೆಕ್ಟ್‌ನಲ್ಲಿ ಬಸ್ ತಂಗುದಾಣಗಳ ಮಾಡಿನ ಮೇಲೇ ಗಿಡ ಬೆಳೆಸಿದ್ದಾರೆ.

ಮನೆ 41:
ಇದು ಮಾತು! ಒಟ್ಟಿಗೇ ಹೂಬಿಟ್ಟು ಒಟ್ಟಿಗೇ ಬಾಡುವ ಒಂದೇ ಜಾತಿಯ ಅಲಂಕಾರದ ಗಿಡ ಬೇಡ. ಒಂದರ ನಂತರ ಒಂದು ಹೂಬಿಡುವ ಬೇರೆ ಬೇರೆ ಗಿಡಗಳಿರಲಿ. ಹಲವು ಸುತ್ತಿನ ಎಸಳಿನ ಹೂಗಳು ನೋಡಲು ಚೆಂದ, ಹೆಚ್ಚಿನವುಗಳಲ್ಲಿ ನೊಣಕ್ಕೆ ದಕ್ಕುವುದು ಕಡಿಮೆ.

ಸಂಘದ ಕಾರ್ಯದರ್ಶಿ:
ಕರಡು ಹೀಗಿದೆ, ನೋಡಿ. ಪೆಟ್ಟಿಗೆಗಳು ನಾಲ್ಕನ್ನು ಮೀರಬಾರದು, ಉಳಿದ ಹಣ ಹೂಗಿಡಗಳಿಗೆ ಹೋಗಬೇಕು. ತಾರಸಿಯಲ್ಲೇ ವರ್ಷವಿಡೀ ನೀರಿರಬೇಕು. ಪೆಟ್ಟಿಗೆಗಳನ್ನು ಗಾಳಿಗೆ ಉರುಳದಂತೆ ಬಿಗಿದು ಕಟ್ಟಬೇಕು. ನೊಣಗಳು ಹೊರಡುವ ಬದಿಯಲ್ಲಿ ಆಳೆತ್ತರದ ಪರದೆ ಕಟ್ಟಬೇಕು, ಆಗ ಅವು ಮೇಲೇರಿ ಹಾರುತ್ತವೆ. ತರಬೇತಿ ಪಡೆದ ಒಬ್ಬರ ಹೆಸರು, ದೂರವಾಣಿ ಸಂಖ್ಯೆ ನಮ್ಮ ಕೈಯಲ್ಲಿರಬೇಕು. ಪೆಟ್ಟಿಗೆ ತೆರೆಯುವ ದಿನವನ್ನು ಮುಂಚಿತವಾಗಿ ತಿಳಿಸಬೇಕು. ಮನೆ 33ರವರೇ, ಕೊನೆಯ ಎರಡು ನಿಮ್ಮ ಮಾತಿನಿಂದ ಬಂದವು. ಸಾಕೇ?

ಮನೆ 33:
ತಾರಸಿಗೆ ಹವಾನಿಯಂತ್ರಕ ದುರಸ್ತಿಗೆ ಹೋಗುವ ಕೆಲಸಗಾರರಿಗೂ ಹೇಳಿರಬೇಕು, ಸೇರಿಸಿ. ಪೆಟ್ಟಿಗೆಗೆ ಅತಿ ಹತ್ತಿರ ಹೋಗುವವರು ಅವರೇ. ಉಳಿದದ್ದಕ್ಕೆ ಒಪ್ಪಿಗೆ.

ಮನೆ 41:
ನಮ್ಮ ಉದ್ಯಾನದ ವಿಷಯವೂ ಇದೆ. ಹೂ ತುಂಬಿದ ಬೇಲಿಯನ್ನು ಗುತ್ತಿಗೆದಾರ ಪ್ರತಿ ಬಾರಿ ಬೋಳು ಮಾಡುತ್ತಾನೆ, ಹೂವಿರುವಾಗಲೇ ಕೀಟನಾಶಕ ಹೊಡೆಯುತ್ತಾನೆ. ಬಿಲ ತೋಡಲು ಬರಿಮಣ್ಣು ಸಿಗದಂತೆ ಇಡೀ ಜಾಗಕ್ಕೆ ಕಲ್ಲುಹಾಸು ಬೇರೆ ಹಾಕಿಸಿದ್ದೇವೆ. ಭಾನುವಾರ ವ್ಯವಸ್ಥಾಪಕರು ಇದನ್ನೇ ಎತ್ತಿ ಕೇಳಿದರೆ ಉತ್ತರವೇನು?

ಸಂಘದ ಕಾರ್ಯದರ್ಶಿ:
ಗುತ್ತಿಗೆದಾರನಿಗೆ ಇವತ್ತೇ ಫೋನ್ ಮಾಡುತ್ತೇನೆ. ದಕ್ಷಿಣದ ಮೂಲೆಯ ಕಲ್ಲುಹಾಸು ಕೀಳಿಸುವ ಮಾತನ್ನು ಸಭೆಯಲ್ಲಿಡೋಣ. ಮನೆ 9ರವರೇ, ಶನಿವಾರ ಸಂಜೆ ತಾರಸಿ ನೋಡಲು ನನ್ನ ಜೊತೆ ಬನ್ನಿ. ಮನೆ 27ರವರೇ, ನೀವೂ ಬರಬೇಕು.

ಮನೆ 27:
ಬರುತ್ತೇನೆ. ಆದರೆ ಮೆಟ್ಟಿಲ ಬಾಗಿಲಲ್ಲೇ ನಿಂತು ನೋಡುತ್ತೇನೆ, ಈಗಲೇ ಹೇಳಿದ್ದೇನೆ.