ಕೋರಾಟ್ ಮರಿಯ ಕಣ್ಣಿನ ಬಣ್ಣ ಮತ್ತು ರೋಮದ ಆರೈಕೆ

ಪ್ರಶ್ನೆ: ಥಾಯ್ಲೆಂಡ್ ಮೂಲದ ಕೋರಾಟ್ ತಳಿಯ ಬೆಕ್ಕಿನ ಮರಿಯೊಂದನ್ನು ಸಾಕುತ್ತಿದ್ದೇವೆ. ಐದು ತಿಂಗಳು ತುಂಬಿದರೂ ಕಣ್ಣುಗಳು ಹಳದಿಯಾಗಿಯೇ ಇದ್ದು, ಈ ತಳಿಗೆ ಹೆಸರಾದ ಹಸಿರು ಬಣ್ಣ ಕಾಣುತ್ತಿಲ್ಲ. ಇದು ಮಿಶ್ರತಳಿಯಿರಬಹುದೇ? ಗಿಡ್ಡ ರೋಮಕ್ಕೆ ಸ್ನಾನ ಎಷ್ಟು ಅಗತ್ಯ?

ಉತ್ತರ 1: ಕಣ್ಣಿನ ಬಣ್ಣವನ್ನು ನೋಡಿ ಈಗಲೇ ತೀರ್ಮಾನಕ್ಕೆ ಬರಬೇಡಿ. ಕೋರಾಟ್ ಮರಿಗಳ ಕಣ್ಣು ಮೊದಲು ಹಳದಿ ಅಥವಾ ಜೇನುಬಣ್ಣದಲ್ಲಿದ್ದು, ಪಾಪೆಯ ಸುತ್ತ ಹಸಿರು ಉಂಗುರವೊಂದು ಮೂಡಿ, ಅದು ಹರಡಿ ಪೂರ್ಣವಾಗಲು 2ರಿಂದ 4 ವರ್ಷ ಹಿಡಿಯುವುದು ಸಹಜ.

ಉತ್ತರ 2: ಈ ತಳಿಗೆ ದಟ್ಟವಾದ ಒಳರೋಮವಿಲ್ಲ, ಆದ್ದರಿಂದ ವಾರಕ್ಕೊಮ್ಮೆ ಮೃದುವಾದ ಬ್ರಷ್‌ನಿಂದ ಬಾಚಿದರೆ ಸಾಕು, ಸ್ನಾನ ಅಪರೂಪಕ್ಕೆ ಮಾತ್ರ. ನನ್ನ ದೃಷ್ಟಿಯಲ್ಲಿ ರೋಮ, ಬಣ್ಣಗಳಿಗಿಂತ ಮುಖ್ಯವಾದದ್ದು ಜಿಎಂ1 ಮತ್ತು ಜಿಎಂ2 ಗ್ಯಾಂಗ್ಲಿಯೋಸಿಡೋಸಿಸ್ ಎಂಬ ಆನುವಂಶಿಕ ನರರೋಗಗಳ ವಿಚಾರ. ತಂದೆತಾಯಿಗಳೆರಡೂ ಒಂದೇ ರೋಗದ ವಾಹಕಗಳಾಗಿದ್ದರೆ, ಅವು ಹೊರನೋಟಕ್ಕೆ ಆರೋಗ್ಯವಾಗಿದ್ದರೂ, ಪ್ರತಿ ಮರಿಗೂ ರೋಗ ಬರುವ ಸಾಧ್ಯತೆ ಶೇ. 25ರಷ್ಟಿರುತ್ತದೆ. ತಲೆ ನಡುಗುವುದು, ಹಿಂಗಾಲು ತೂರಾಡುವುದು ಇದರ ಆರಂಭಿಕ ಲಕ್ಷಣಗಳಾಗಿದ್ದು, ರೋಗವನ್ನು ಗುಣಪಡಿಸುವ ಚಿಕಿತ್ಸೆ ಇಲ್ಲ. ತಂದೆತಾಯಿಗಳ ಡಿಎನ್‌ಎ ಪರೀಕ್ಷೆಯ ವರದಿಯನ್ನು ಮರಿ ಕೊಟ್ಟವರಿಂದ ಕೇಳಿ ಪಡೆಯಿರಿ. ಕೊಡಲು ಹಿಂಜರಿದರೆ ಮರಿಗೇ ಪರೀಕ್ಷೆ ಮಾಡಿಸಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ನಡಿಗೆ ಸರಿಯಾಗಿದೆ, ಆದರೆ ಮಿಕ್ಸರ್ ಶಬ್ದವಾದೊಡನೆ ಮಂಚದಡಿ ಸೇರಿಕೊಳ್ಳುತ್ತದೆ.

ಉತ್ತರ 3: ಅದಕ್ಕೆ ಆತಂಕ ಬೇಡ. ದಿಢೀರ್ ಸದ್ದನ್ನು ಈ ತಳಿ ಸಾಮಾನ್ಯವಾಗಿ ಸಹಿಸುವುದಿಲ್ಲ. ಅಡಗಿದಾಗ ಎಳೆದು ಹೊರತೆಗೆಯದೆ, ತಾನಾಗಿ ಬರುವವರೆಗೆ ಬಿಡಿ. ಇನ್ನು, ಮನೆಯವರನ್ನು ಬಹಳ ಹಚ್ಚಿಕೊಳ್ಳುವ ಬೆಕ್ಕಾದ್ದರಿಂದ ದಿನವಿಡೀ ಒಂಟಿಯಾಗಿ ಬಿಡುವುದು ಸೂಕ್ತವಲ್ಲ.