ನಿಂಬೆರಸ ಬೆರೆಸಿ ಫ್ಲಾಸ್ಕಿಗೆ ತುಂಬಿದ ರಮ್ ಸಂಜೆಗೆ ಕಹಿಯಾಯಿತು, ತಪ್ಪಿದ್ದು ಎಲ್ಲಿ?

ಚಾಮುಂಡಿ ತಪ್ಪಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಾವು ಮನೆಯವರು ಆರು ಜನ ಸಕಲೇಶಪುರದ ಕಡೆಯ ಒಂದು ಹೋಂಸ್ಟೇಗೆ ಎರಡು ದಿನಗಳ ಮಟ್ಟಿಗೆ ಹೋಗಿದ್ದೆವು. ಅದಕ್ಕೂ ಒಂದು ವಾರ ಮೊದಲು ಬೆಲ್ಲದಿಂದ ತಯಾರಿಸಿದ ರಮ್ಮಿನ ಬಾಟಲಿಯೊಂದನ್ನು ತಂದಿದ್ದೆ. ಎಂಆರ್‌ಪಿ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ರಮ್ಮಿಗಿಂತ ಅದರ ಬೆಲೆ ಹಲವು ಪಟ್ಟು ಹೆಚ್ಚು; ಆದ್ದರಿಂದ ಅದನ್ನು ಕೋಲಾದಲ್ಲಿ ಮುಳುಗಿಸಿ ಕುಡಿಯಲು ಮನಸ್ಸು ಬರಲಿಲ್ಲ. ಮನೆಯಲ್ಲಿ ಡೈಕಿರಿ ಮಾಡಿ ನೋಡಿದೆ: 60 ಮಿ.ಲೀ. ರಮ್, 30 ಮಿ.ಲೀ. ನಿಂಬೆರಸ, 20 ಮಿ.ಲೀ. ಸಕ್ಕರೆ ಪಾಕ. ಭದ್ರವಾದ ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಐಸ್ ಹಾಕಿ ಚೆನ್ನಾಗಿ ಕುಲುಕಿ, ಟೀ ಸೋಸುವ ಜಾಲರಿಯಲ್ಲಿ ಸೋಸಿದಾಗ ಅದು ನಿಜಕ್ಕೂ ಸೊಗಸಾಗಿತ್ತು.

ಪ್ರವಾಸದ ದಿನ ಬೆಳಿಗ್ಗೆ ಆರು ಗಂಟೆಗೆ ಅದೇ ಅಳತೆಯಲ್ಲಿ ನಾಲ್ವರಿಗೆ ಆಗುವಷ್ಟು ಬೆರೆಸಿ, ಮುಕ್ಕಾಲು ಭಾಗವನ್ನು ಸ್ಟೀಲಿನ ಥರ್ಮಾಸ್ ಬಾಟಲಿಗೂ ಉಳಿದದ್ದನ್ನು ಯಾರೋ ಉಡುಗೊರೆಯಾಗಿ ಕೊಟ್ಟಿದ್ದ ಹಿಪ್ ಫ್ಲಾಸ್ಕಿಗೂ (ಜೇಬಿನಲ್ಲಿಡುವ ಚಪ್ಪಟೆ ಲೋಹದ ಬಾಟಲಿ) ತುಂಬಿದೆ. ಸಂಜೆ ಏಳಕ್ಕೆ ತೆರೆದರೆ ಎರಡೂ ಹಾಳಾಗಿದ್ದವು. ಭಾವನವರು ಒಂದು ಗುಟುಕು ಕುಡಿದು, "ಇದು ಯಾವ ಕಾಯಿಲೆಗೆ ಕೊಡುವ ಕಷಾಯ?" ಎಂದು ಕೇಳಿದರು. ಕಹಿಯಂತೂ ಇತ್ತು, ಅದರ ಮೇಲೆ ಗಂಟಲು ಸುಡುವಷ್ಟು ಖಾರ. ಫ್ಲಾಸ್ಕಿನಲ್ಲಿದ್ದುದಕ್ಕೆ ತುಕ್ಕಿನಂತಹ ವಾಸನೆ ಬೇರೆ. ಬೆಳಿಗ್ಗೆಯಿಂದ ಕರೆಂಟ್ ಇರದ ಕಾರಣ ಹೋಂಸ್ಟೇಯಲ್ಲಿ ಐಸ್ ಕೂಡ ಸಿಗಲಿಲ್ಲ.

ಒಯ್ಯುವಾಗ ಏನು ಬದಲಿಸಬೇಕು, ಯಾವುದರಲ್ಲಿ ಒಯ್ಯಬೇಕು ಎಂಬುದು ನನ್ನ ಪ್ರಶ್ನೆ. ಜೊತೆಗೆ, ಅಕ್ಕ ಮುಂದಿನ ಸಲಕ್ಕೆಂದು ತಾಮ್ರದ ಮಗ್ಗುಗಳನ್ನು ಕೊಳ್ಳಬೇಕೆಂದು ಹಟ ಹಿಡಿದಿದ್ದಾಳೆ. ಅವು ಚೆಂದಕ್ಕೆ ಮಾತ್ರವೇ ಅಥವಾ ಉಪಯೋಗವೂ ಇದೆಯೇ?

ಅರ್ಧ ಔನ್ಸ್ ಉತ್ತರಿಸಿದ್ದು:

ನೀವು ಮನೆಯಲ್ಲಿ ಮಾಡಿದ ಡೈಕಿರಿಯೂ ಬಾಟಲಿಗೆ ತುಂಬಿದ ಡೈಕಿರಿಯೂ ಒಂದೇ ಪಾನೀಯವಲ್ಲ. ಮೊದಲನೆಯದರಲ್ಲಿ ನಾಲ್ಕನೆಯ ವಸ್ತುವೊಂದಿತ್ತು, ಅದು ನೀರು. ಐಸಿನೊಂದಿಗೆ ಕುಲುಕಿದಾಗ ಐಸ್ ಕೇವಲ ತಣಿಸುವುದಿಲ್ಲ, ಕರಗಿ ಪಾನೀಯದ ಸುಮಾರು ಮೂರನೆಯ ಒಂದು ಭಾಗದಷ್ಟು ನೀರನ್ನೂ ಸೇರಿಸುತ್ತದೆ. ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ಸಿಗುವ ರಮ್ಮಿನ ಲೇಬಲ್ ಮೇಲೆ ಸಾಮಾನ್ಯವಾಗಿ ಶೇ 42.8 ಎಂದಿರುತ್ತದೆ, ಅಂದರೆ 60 ಮಿ.ಲೀ. ರಮ್ಮಿನಲ್ಲಿ ಹೆಚ್ಚುಕಡಿಮೆ 26 ಮಿ.ಲೀ. ಶುದ್ಧ ಮದ್ಯಸಾರ. ನಿಮ್ಮ 110 ಮಿ.ಲೀ. ಮಿಶ್ರಣದಲ್ಲಿ ಅದು ಶೇ 23 ಆಗುತ್ತದೆ. ಐಸ್ ಕರಗಿ 35 ಮಿ.ಲೀ. ನೀರು ಸೇರಿದ್ದರೆ ಶೇ 18ಕ್ಕೆ ಇಳಿಯುತ್ತಿತ್ತು. ಭಾವನವರ ಗಂಟಲು ಸುಟ್ಟದ್ದು ಈ ವ್ಯತ್ಯಾಸದಿಂದ, ಅದೂ ಪಾನೀಯ ಬೆಚ್ಚಗಿದ್ದಾಗ ಮದ್ಯದ ಘಾಟು ಇನ್ನಷ್ಟು ಎದ್ದು ಬರುವುದರಿಂದ. ಆದ್ದರಿಂದ ಒಯ್ಯುವ ಮಿಶ್ರಣಕ್ಕೆ ನೀರನ್ನು ಮನೆಯಲ್ಲೇ ಅಳೆದು ಹಾಕಬೇಕು. ಇದನ್ನು ಕಲಬೆರಕೆ ಎಂದುಕೊಂಡು ಹಿಂಜರಿಯುವವರನ್ನು ಬಹಳ ಕಂಡಿದ್ದೇನೆ. ಐಸ್ ಮಾಡುವ ಕೆಲಸವನ್ನೇ ನೀವು ಲೋಟದಿಂದ ಮಾಡುತ್ತಿದ್ದೀರಿ, ಅಷ್ಟೇ.

ಇನ್ನು ಕಹಿ. ಹಿಂಡಿದ ನಿಂಬೆರಸ ಕೆಲವೇ ಗಂಟೆಗಳಲ್ಲಿ ತನ್ನ ಪರಿಮಳ ಕಳೆದುಕೊಳ್ಳುತ್ತದೆ. ಬೀಜವನ್ನೂ ಸಿಪ್ಪೆಯ ಒಳಗಿನ ಬಿಳಿಯನ್ನೂ ಸೇರಿಸಿ ಜಜ್ಜಿ ಹಿಂಡಿದ್ದರೆ ಅವುಗಳ ಕಹಿ ರಸಕ್ಕಿಳಿದು, ಹೊತ್ತು ಹೋದಂತೆ ಹೆಚ್ಚುತ್ತದೆ. ಹದಿಮೂರು ಗಂಟೆ ಇಟ್ಟ ರಸದಿಂದ ಬೇರೇನನ್ನೂ ನಿರೀಕ್ಷಿಸುವಂತಿಲ್ಲ. ರಮ್, ಪಾಕ, ನೀರು ಮೂರನ್ನು ಮಾತ್ರ ಬೆರೆಸಿ ಒಯ್ಯಿರಿ. ನಿಂಬೆಹಣ್ಣುಗಳನ್ನು ಇಡಿಯಾಗಿ ಚೀಲದಲ್ಲಿ ಹಾಕಿಕೊಳ್ಳಿ. ಅವಕ್ಕಿಂತ ಒಳ್ಳೆಯ ಡಬ್ಬಿಯನ್ನು ಯಾರೂ ತಯಾರಿಸಿಲ್ಲ. ಕುಡಿಯುವ ಹೊತ್ತಿಗೆ ಕತ್ತರಿಸಿ ಮೆಲ್ಲಗೆ ಹಿಂಡಿದರಾಯಿತು.

ಹಿಪ್ ಫ್ಲಾಸ್ಕ್ ಏನೂ ಬೆರೆಸದ ಮದ್ಯಕ್ಕಾಗಿ ಹುಟ್ಟಿದ ವಸ್ತು. ಅದರ ಬಾಯಿ ಕಿರಿದು, ಒಳಗೆ ಕೈಯಾಗಲಿ ಬ್ರಷ್ಷಾಗಲಿ ಹೋಗದು, ಅಗ್ಗದವುಗಳಲ್ಲಿ ಬೆಸುಗೆಯ ಅಂಚು ಒರಟಾಗಿರುತ್ತದೆ. ಹುಳಿಯೂ ಸಕ್ಕರೆಯೂ ಅದರೊಳಗೆ ಹೋಗಲೇಬಾರದು. ರಮ್ಮನ್ನು ಕೂಡ ಒಂದೆರಡು ದಿನಗಳಿಗಿಂತ ಹೆಚ್ಚು ಬಿಡದೆ, ಬಿಸಿನೀರಿನಲ್ಲಿ ತೊಳೆದು, ಮುಚ್ಚಳ ತೆರೆದು ಬೋರಲು ಹಾಕಿಡಿ. ಪ್ರವಾಸಕ್ಕೆ ನಾನು ಬಳಸುವುದು ಖಾಲಿಯಾದ 180 ಮಿ.ಲೀ. ಗಾಜಿನ ಕ್ವಾರ್ಟರ್ ಬಾಟಲಿಯನ್ನು. ಹಳೆಯ ಕಾಲ್ಚೀಲವೊಂದನ್ನು ತೊಡಿಸಿದರೆ ಒಡೆಯುವುದೂ ಇಲ್ಲ, ಯಾವ ವಾಸನೆಯೂ ಹಿಡಿಯುವುದಿಲ್ಲ. ನೋಡಲು ಘನತೆಯಿಲ್ಲ ಎಂಬುದು ನನ್ನ ಮನೆಯಾಕೆಯ ದೂರು.

ಐಸ್ ಇಲ್ಲದ ಕಡೆಗೆ ಒಂದು ಉಪಾಯವಿದೆ. ಶೇ 42.8ರ ರಮ್ ಮನೆಯ ಫ್ರೀಜರಿನಲ್ಲಿ ಹೆಪ್ಪುಗಟ್ಟುವುದಿಲ್ಲ. ಬೇಕಾದಷ್ಟನ್ನು ಹಿಂದಿನ ರಾತ್ರಿ ಫ್ರೀಜರಿನಲ್ಲಿಟ್ಟು, ಥರ್ಮಾಸನ್ನು ಐಸ್ ನೀರಿನಿಂದ ಹತ್ತು ನಿಮಿಷ ತಣಿಸಿ ಚೆಲ್ಲಿ, ಹೊರಡುವ ಮುನ್ನ ತುಂಬಿರಿ. ಅಳೆದ ನೀರನ್ನು ಫ್ರಿಜ್ಜಿನಲ್ಲಿಟ್ಟು ಆಮೇಲೆ ಸೇರಿಸಿ. ಸಂಜೆಗೂ ಅದು ಚೆನ್ನಾಗಿ ತಣ್ಣಗಿರುತ್ತದೆ. ಸೋಡಾವನ್ನಾಗಲಿ ಟಾನಿಕ್ ವಾಟರನ್ನಾಗಲಿ ಮಾತ್ರ ಥರ್ಮಾಸಿಗೆ ಹಾಕಬೇಡಿ. ದಾರಿಯ ಕುಲುಕಾಟಕ್ಕೆ ಒತ್ತಡ ಏರಿ, ತೆರೆಯುವಾಗ ಮುಚ್ಚಳ ಮುಖಕ್ಕೆ ಹಾರುತ್ತದೆ.

ಆಲೆಮನೆ ಉತ್ತರಿಸಿದ್ದು:

ಮೇಲಿನವರು ಹೇಳಿದ್ದೆಲ್ಲ ಸರಿಯೇ, ಆದರೆ ಬೆಲ್ಲದ ರಮ್ಮಿಗೆ ನಿಂಬೆಹುಳಿ ಬೇಕೇ ಎಂಬ ಪ್ರಶ್ನೆಯನ್ನು ಅವರು ಕೇಳಲಿಲ್ಲ. ನಮ್ಮಲ್ಲಿ ಮಾರಾಟವಾಗುವ ರಮ್ಮಿನ ಬಹುಪಾಲು ಕಾಕಂಬಿಯಿಂದ ಬರುತ್ತದೆ. ಅಂದರೆ ಕಾರ್ಖಾನೆಯಲ್ಲಿ ಸಕ್ಕರೆಯ ಹರಳನ್ನೆಲ್ಲ ತೆಗೆದುಕೊಂಡ ಮೇಲೆ ಉಳಿಯುವ ಕಪ್ಪು ಪಾಕದಿಂದ. ಬೆಲ್ಲದಲ್ಲಿ ಹಾಗಲ್ಲ, ಕಬ್ಬಿನ ಹಾಲನ್ನು ಸಕ್ಕರೆ ಬೇರ್ಪಡಿಸದೆ ಕುದಿಸಿ ಗಟ್ಟಿ ಮಾಡಿರುತ್ತಾರೆ. ಮಂಡ್ಯದ ಕಡೆ ಬೆಳೆದವರಿಗೆ ಬೆಲ್ಲದ ರಮ್ಮಿನ ಬಾಟಲಿ ತೆರೆದೊಡನೆ ಕೊಪ್ಪರಿಗೆಯ ಪಕ್ಕದಲ್ಲಿ ನಿಂತ ನೆನಪಾಗುವುದು ಅದಕ್ಕೇ. ಬೆಂಗಳೂರಿನ ಅಮೃತ್ ಡಿಸ್ಟಿಲರಿಯವರು ‘ಬೆಲ್ಲ’ ಎಂಬ ಹೆಸರಿನಲ್ಲಿಯೂ ನಂಜನಗೂಡಿನ ಕಡೆಯವರು ‘ಹುಲಿ’ ಎಂಬ ಹೆಸರಿನಲ್ಲಿಯೂ ಇಂತಹ ರಮ್ಮನ್ನು 2025ರಲ್ಲಿ ಮಾರುಕಟ್ಟೆಗೆ ತಂದರು. ಇದರಲ್ಲಿ ನನಗೆ ಹೆಮ್ಮೆಯಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. 2004ರಲ್ಲಿ ಅಮೃತ್ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿದಾಗಲೂ, ಊರಿನವರಿಗಿಂತ ಮೊದಲು ಪರದೇಶದವರು ಅದರ ರುಚಿ ಕಂಡುಕೊಂಡಿದ್ದರು.

ಆ ಕಬ್ಬಿನ ವಾಸನೆ ಉಳಿಯಬೇಕಾದರೆ ಹೀಗೆ ಮಾಡಿ: 60 ಮಿ.ಲೀ. ರಮ್, ಒಂದು ಟೀ ಚಮಚ ಬೆಲ್ಲದ ತೆಳು ಪಾಕ, 15 ಮಿ.ಲೀ. ನೀರು, ಎರಡು ಹನಿ ಬಿಟರ್ಸ್ (ಗಿಡಮೂಲಿಕೆಗಳ ಕಹಿ ಸಾರ). ಪಾಕ ಎಳೆಯ ಹದಕ್ಕೆ ಬರಬಾರದು, ಬೆಲ್ಲ ಕರಗಿದೊಡನೆ ಇಳಿಸಿ ಸೋಸಿಬಿಡಿ. ಬಿಟರ್ಸ್ ಸಿಗದಿದ್ದರೆ ಒಂದೇ ಒಂದು ಲವಂಗವನ್ನು ಅರ್ಧ ಗಂಟೆ ನೆನೆಸಿ ತೆಗೆಯಿರಿ. ಮರೆತರೆ ದಂತವೈದ್ಯರ ಕೋಣೆಯ ವಾಸನೆ ಬರುತ್ತದೆ, ಅನುಭವದಿಂದ ಹೇಳುತ್ತಿದ್ದೇನೆ. ಇದರಲ್ಲಿ ಹಣ್ಣಿನ ರಸವೇ ಇಲ್ಲದಿರುವುದರಿಂದ ಗಾಜಿನ ಬಾಟಲಿಯಲ್ಲಿ ತುಂಬಿಟ್ಟರೆ ವಾರ ಕಳೆದರೂ ಕೆಡುವುದಿಲ್ಲ. ಕುಡಿಯುವಾಗ ಕೊಡಗಿನ ಕಿತ್ತಳೆಯ ಸಿಪ್ಪೆಯ ಚೂರೊಂದನ್ನು ಲೋಟದ ಮೇಲೆ ಮಡಚಿ ಹಿಸುಕಿ. ಬೆಳಕಿಗೆ ಹಿಡಿದು ಹಿಸುಕಿದರೆ ಎಣ್ಣೆಯ ಸಣ್ಣ ತುಂತುರು ಹಾರುವುದು ಕಣ್ಣಿಗೇ ಕಾಣುತ್ತದೆ, ಪರಿಮಳವೆಲ್ಲ ಅದರಲ್ಲಿದೆ.

ಹುಳಿ ಬೇಕೇ ಬೇಕು ಎನ್ನುವುದಾದರೆ ಪುನರ್ಪುಳಿ, ಅಂದರೆ ಕೋಕಂ. ಒಣಗಿದ ಸಿಪ್ಪೆಯನ್ನು ಬಿಸಿನೀರಿನಲ್ಲಿ ಎರಡು ಗಂಟೆ ನೆನೆಸಿ ಕಿವುಚಿ ಸೋಸಿದ ರಸ, ನಿಂಬೆಯ ಹಾಗೆ ಸಂಜೆಗೆ ಕಹಿಯಾಗುವುದಿಲ್ಲ. ರಮ್ಮಿನಷ್ಟೇ ಅಳತೆಯ ರಸ, ಮೂರನೆಯ ಒಂದು ಭಾಗ ಪಾಕ, ಒಂದು ಸಣ್ಣ ಚೂರು ಜಜ್ಜಿದ ಶುಂಠಿ. ನೀರು ರಸದಲ್ಲೇ ಬಂದಿರುವುದರಿಂದ ಬೇರೆ ಬೇಡ. ಕೊಳ್ಳುವಾಗ ಉಪ್ಪು ಹಾಕದ ಸಿಪ್ಪೆಯನ್ನೇ ಕೇಳಿ ಪಡೆಯಿರಿ, ಇಲ್ಲವಾದರೆ ಸಾರು ಕುಡಿದಂತಾಗುತ್ತದೆ.

ಮಡಗಾಂವ್ ವಾಸಿ ಉತ್ತರಿಸಿದ್ದು:

ಕುಮಟಾದವನು ನಾನು, ಹನ್ನೊಂದು ವರ್ಷಗಳಿಂದ ಗೋವಾದಲ್ಲಿದ್ದೇನೆ. ಒಯ್ಯುವ ಮಾತು ಬಂದಿರುವುದರಿಂದ ಉರ್ರಾಕದ ವಿಷಯ ಹೇಳಬೇಕೆನಿಸಿತು. ಗೇರುಹಣ್ಣಿನ ರಸವನ್ನು ಹುಳಿಸಿ ಒಮ್ಮೆ ಭಟ್ಟಿ ಇಳಿಸಿದರೆ ಉರ್ರಾಕ್, ಅದನ್ನು ಮತ್ತೆ ಇಳಿಸಿದರೆ ಫೆನಿ. ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ, ಬಾಟಲಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಉರ್ರಾಕ್ ಹಾಗಲ್ಲ, ಸೌಮ್ಯವಾದ ಅದನ್ನು ಮಾರ್ಚಿಯಿಂದ ಮೇ ತಿಂಗಳವರೆಗಿನ ಗೇರಿನ ಕಾಲದಲ್ಲಿ, ಇಳಿಸಿದ ಕಡೆಯಲ್ಲೇ, ನಿಂಬೆಯ ಸೋಡಾ, ಚಿಟಿಕೆ ಉಪ್ಪು, ಸೀಳಿದ ಹಸಿಮೆಣಸಿನಕಾಯಿ ಹಾಕಿಕೊಂಡು ಕುಡಿಯಬೇಕು. ಪ್ರತಿ ಬೇಸಿಗೆಯಲ್ಲೂ ಊರಿನಿಂದ ಬಂದ ಬಂಧುಗಳು ಪ್ಲಾಸ್ಟಿಕ್ ಬಾಟಲಿಗಳಲ್ಲಿ ತುಂಬಿಕೊಡೆಂದು ಕೇಳುತ್ತಾರೆ, ನಾನು ಕೊಡುವುದಿಲ್ಲ. ಪ್ಲಾಸ್ಟಿಕ್ಕಿನ ವಾಸನೆ ಹಿಡಿಯುತ್ತದೆ ಎಂಬುದು ಒಂದು ಕಾರಣ; ರಾಜ್ಯದ ಗಡಿ ದಾಟಿಸಲು ಅಬಕಾರಿ ಪರವಾನಗಿ ಬೇಕೆಂಬುದು ಇನ್ನೊಂದು. ವಿಮಾನದಲ್ಲಿಯೂ ಶೇ 24ರಿಂದ 70ರವರೆಗಿನ ಮದ್ಯವನ್ನು ತಲೆಗೆ 5 ಲೀಟರಿನ ಮಿತಿಯಲ್ಲಿ, ಅಂಗಡಿಯಲ್ಲಿ ಕೊಂಡ ಹಾಗೆಯೇ ಮುಚ್ಚಿದ ಬಾಟಲಿಯಲ್ಲಿ, ಚೆಕ್-ಇನ್ ಲಗೇಜಿನಲ್ಲಿ ಮಾತ್ರ ಒಯ್ಯಬಹುದು. ಮನೆಯಲ್ಲಿ ತುಂಬಿದ ಫ್ಲಾಸ್ಕಿಗೆ ಅಲ್ಲಿ ಜಾಗವಿಲ್ಲ.

ಹಿತ್ತಾಳೆ ಕಿವಿ ಉತ್ತರಿಸಿದ್ದು:

ತಾಮ್ರದ ಮಗ್ಗಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನಮ್ಮ ತಂದೆಯವರದು ಪಾತ್ರೆ ಅಂಗಡಿಯಾಗಿತ್ತಾದ್ದರಿಂದ ನನಗೆ ತಿಳಿದದ್ದನ್ನು ಹೇಳುತ್ತೇನೆ. ದೇವರ ಮನೆಯ ತಾಮ್ರದ ಚೊಂಬನ್ನು ಹುಣಸೆಹಣ್ಣಿನಿಂದ ಉಜ್ಜಿದರೆ ಥಳಥಳ ಹೊಳೆಯುತ್ತದಲ್ಲವೇ? ಮೇಲಿನ ಕಿಲುಬನ್ನು ಹುಳಿ ಕರಗಿಸಿಕೊಂಡು ಹೋಗಿರುತ್ತದೆ. ನಿಂಬೆರಸ ಹಾಕಿದ ಪಾನೀಯವನ್ನು ಬರಿಯ ತಾಮ್ರದಲ್ಲಿ ಕುಡಿಯುವುದೆಂದರೆ ಆ ತೊಳೆದ ನೀರನ್ನು ಒಂದಿಷ್ಟು ಕುಡಿದಂತೆಯೇ. ಅಮೆರಿಕದ ಆಹಾರ ನಿಯಮಾವಳಿಯೂ ಪಿಎಚ್ (ಹುಳಿಯನ್ನು ಅಳೆಯುವ ಅಂಕ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 6ಕ್ಕಿಂತ ಕಡಿಮೆ ಇರುವ ಆಹಾರ ಬರಿಯ ತಾಮ್ರಕ್ಕೆ ತಾಗಬಾರದೆಂದು ಹೇಳುತ್ತದೆ. ನಿಂಬೆರಸದ ಪಿಎಚ್ 2ರ ಆಸುಪಾಸಿನಲ್ಲಿದೆ. ವೋಡ್ಕಾ, ನಿಂಬೆ, ಶುಂಠಿ ಬಿಯರ್ ಬೆರೆಸಿದ ಮಾಸ್ಕೋ ಮ್ಯೂಲನ್ನು ಅಮೆರಿಕದವರು 1940ರ ದಶಕದಿಂದಲೂ ತಾಮ್ರದ ಮಗ್ಗಿನಲ್ಲೇ ಕೊಡುತ್ತ ಬಂದಿರುವುದರಿಂದ ಈ ಷೋಕಿ ನಮ್ಮಲ್ಲಿಗೂ ಬಂದಿದೆ. ಒಳಗೆ ಸ್ಟೀಲ್ ಅಥವಾ ನಿಕ್ಕಲ್ ಲೇಪವಿರುವ ಮಗ್ಗಾದರೆ ಭಯವಿಲ್ಲ. ಬರಿಯ ತಾಮ್ರದ್ದನ್ನು ಕೊಂಡಿದ್ದರೆ ಕಲಾಯಿ ಹಾಕಿಸಿ. ಕಲಾಯಿ ಎಂದರೆ ಒಳಮೈಗೆ ಹಚ್ಚುವ ತವರ. ನಮ್ಮ ಅಜ್ಜಿಯರು ತಾಮ್ರ ಹಿತ್ತಾಳೆಯ ಪಾತ್ರೆಗಳಲ್ಲಿ ಹುಳಿ ಸಾರು ಕುದಿಸುತ್ತಿದ್ದುದು ಅದರ ಬಲದಿಂದಲೇ. ಬೆಳ್ಳಗಿನ ಒಳಮೈಯಲ್ಲಿ ಎಲ್ಲಾದರೂ ಕೆಂಪು ಇಣುಕಿದರೆ ಮತ್ತೆ ಹಾಕಿಸಬೇಕು.

ನನ್ನನ್ನು ಕೇಳಿದರೆ, ಪ್ರವಾಸಕ್ಕೆ ಫಿಲ್ಟರ್ ಕಾಫಿಯ ಸ್ಟೀಲ್ ಲೋಟಗಳೇ ಸಾಕು. ಒಂದರೊಳಗೊಂದು ಕೂರುತ್ತವೆ, ಬಿದ್ದರೆ ನೆಗ್ಗುತ್ತವೆಯೇ ಹೊರತು ಚೂರಾಗಿ ಯಾರ ಕಾಲಿಗೂ ಚುಚ್ಚುವುದಿಲ್ಲ, ತಣ್ಣನೆಯದನ್ನು ಸುರಿದೊಡನೆ ಅಂಚು ತುಟಿಗೆ ತಣ್ಣಗೆ ತಾಗುತ್ತದೆ.

ಚಾಮುಂಡಿ ತಪ್ಪಲು ಮರಳಿ ಬರೆದದ್ದು:

ಎಲ್ಲರಿಗೂ ಧನ್ಯವಾದಗಳು. ಕಳೆದ ಶನಿವಾರ ಹುಣಸೂರಿನ ಹತ್ತಿರ ಅಕ್ಕನ ತೋಟದ ಮನೆಗೆ ಹೋಗುವಾಗ ಎರಡು ಬಗೆಯನ್ನೂ ಒಯ್ದೆ: ಆಲೆಮನೆಯವರು ಹೇಳಿದ ಬಿಟರ್ಸ್ ಹಾಕಿದ್ದನ್ನು ಕ್ವಾರ್ಟರ್ ಬಾಟಲಿಯಲ್ಲಿ, ಪುನರ್ಪುಳಿಯದನ್ನು ಥರ್ಮಾಸಿನಲ್ಲಿ. ಫ್ರೀಜರಿನ ಉಪಾಯ ಸಂಜೆ ಆರೂವರೆಯವರೆಗೂ ನಡೆಯಿತು. ಬಿಟರ್ಸಿನದು ನನಗೆ ಹಿಡಿಸಿತು, ಉಳಿದವರಿಗೆ ತೀಕ್ಷ್ಣವೆನಿಸಿತು. ಪುನರ್ಪುಳಿಯದು ಹದಿನೈದು ನಿಮಿಷದಲ್ಲಿ ಖಾಲಿಯಾಯಿತು. ಭಾವನವರು ಎರಡನೆಯ ಲೋಟಕ್ಕೆ ಕೈ ಚಾಚಿದಾಗ ಅಕ್ಕ ಕಾರಿನ ಕೀಲಿಯನ್ನು ಕೇಳಿ ಪಡೆದು ಒಳಗಿಟ್ಟಳು, ಆ ರಾತ್ರಿ ಯಾರೂ ಮೈಸೂರಿಗೆ ಹಿಂತಿರುಗಲಿಲ್ಲ. ತಾಮ್ರದ ಮಗ್ಗಿನ ಯೋಚನೆಯನ್ನು ಆಕೆ ಕೈಬಿಟ್ಟಿಲ್ಲ. ಈಗ ಕಲಾಯಿ ಹಾಕುವವರನ್ನು ಹುಡುಕುತ್ತಿದ್ದಾಳೆ.

ಒಂದೇ ತೊಂದರೆಯೆಂದರೆ, ಥರ್ಮಾಸಿನ ಮುಚ್ಚಳದೊಳಗಿನ ಬಿಳಿಯ ಸಿಲಿಕೋನ್ ವಾಷರ್ ಪುನರ್ಪುಳಿಯ ಬಣ್ಣ ಹಿಡಿದು ಗುಲಾಬಿಯಾಗಿದೆ. ಸೋಪು ಹಾಕಿ ಉಜ್ಜಿದರೂ ಹೋಗುತ್ತಿಲ್ಲ. ಏನಾದರೂ ಮಾರ್ಗವಿದೆಯೇ?

ಆಲೆಮನೆ ಉತ್ತರಿಸಿದ್ದು:

ಅಡುಗೆ ಸೋಡಾ ಕರಗಿಸಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಬಿಸಿಲಿಗೆ ಹಾಕಿ. ಮೊದಲು ಗುಲಾಬಿ ಹೋಗಿ ನೀಲಿ ಛಾಯೆ ಬರುತ್ತದೆ, ಹೆದರಬೇಡಿ. ಪೂರ್ತಿ ಬೆಳ್ಳಗಾಗುವ ಭರವಸೆ ನಾನು ಕೊಡಲಾರೆ. ನಮ್ಮ ಮನೆಯ ವಾಷರ್ ಮೂರು ಬೇಸಿಗೆಗಳಿಂದ ನೇರಳೆಯಾಗಿಯೇ ಇದೆ.