ಮಂಡಿನೋವಿನ ಅಮ್ಮನ ಜೊತೆ ಚಿತ್ರದುರ್ಗದ ಕೋಟೆ: ಹತ್ತಿದವರು ಅನುಭವ ಹೇಳಿ

ದಾರಿಹೋಕ:
ಬೆಂಗಳೂರಿಂದ ಹೊಸಪೇಟೆಗೆ ಹೋಗುವಾಗ ಒಂದು ಹಗಲು ದುರ್ಗದಲ್ಲಿ ಇಳಿಯೋ ಯೋಚನೆ ಇದೆ. ಅಮ್ಮನಿಗೆ 64, ಎರಡೂ ಮಂಡಿ ಸವೆದಿದೆ. ಅಪ್ಪ ಗಟ್ಟಿ, ಬಿಪಿ ಒಂದು ಬಿಟ್ಟರೆ. ಮಗ ನಾಲ್ಕನೇ ಕ್ಲಾಸು, ಓಬವ್ವನ ಕಿಂಡಿ ನೋಡಲೇಬೇಕು ಅಂತ ಹಟ. ಡಿಸೆಂಬರ್ ಕೊನೇ ವಾರ. ಅಮ್ಮ ಎಲ್ಲಿವರೆಗೆ ಬರಬಹುದು? ಗೈಡ್ ಬೇಕಾ? ಎಷ್ಟು ಹೊತ್ತು ಇಟ್ಟುಕೊಳ್ಳಬೇಕು?

ಬಿಸಿಲ್ಗುದುರೆ:
ಮಾವನವರನ್ನು ಏಪ್ರಿಲ್‌ನಲ್ಲಿ ಹತ್ತಿಸಿದವಳು ನಾನು. ಏಪ್ರಿಲ್ ಯಾಕೆ ಅಂತ ಯಾರೂ ಶುರು ಮಾಡಬೇಡಿ, ಮಕ್ಕಳ ಪರೀಕ್ಷೆ ಮುಗಿಯೋದೇ ಆಗ. ಲೆಕ್ಕ ಕೇಳಿ. ಅವರಿಗೆ ಅಂತಲೇ ಕೊಂಡ ಬೂಟು 1,850. ಮಂಡಿಗೆ ಹಾಕೋ ಪಟ್ಟಿ ಜೊತೆಗೆ 780. ಬಾಗಿಲಲ್ಲಿ ಗೈಡ್ 800 ಅಂದ, 600ಕ್ಕೆ ಇಳಿದ. ಏಕನಾಥೇಶ್ವರಿ ಗುಡಿ ಹತ್ತಿರ ಮಂಗ ಚೀಲ ಕಿತ್ತುಕೊಂಡು ಬಂಡೆ ಹತ್ತಿತು. ಕಿತ್ತಳೆ ಹಣ್ಣು ಹೋದರೆ ಹೋಗಲಿ, ಅದರಲ್ಲೇ ಮಾತ್ರೆ ಡಬ್ಬಿ, ಕನ್ನಡಕ. ಹೊಸ ಕನ್ನಡಕಕ್ಕೆ 3,400. ಊರಿಗೆ ಬಂದ ಮೇಲೆ ಫಿಸಿಯೋಥೆರಪಿ ಒಂದು ಸಲಕ್ಕೆ 400, ಮಳೆಗಾಲ ಹಿಡಿಯೋವರೆಗೂ ನಡೀತು. ಹತ್ತುವಾಗ ಏನೂ ಆಗಲಿಲ್ಲ, ಇಳಿಯುವಾಗಲೇ ಮಂಡಿ ಹಿಡಿದಿದ್ದು. ಮೈದುನ ಇವತ್ತಿಗೂ ಹಬ್ಬಕ್ಕೆ ಬಂದರೆ “ಅಪ್ಪನ ಕಾಲು ತೆಗೆದವರು” ಅಂತ ನನ್ನ ಎದುರಿಗೇ ಅಂತಾನೆ. ಅನ್ನಲಿ. ಮಾವ ಮೇಷ್ಟ್ರಾಗಿದ್ದವರು, ಸರ್ವೀಸ್ ಪೂರ್ತಿ ಮದಕರಿ ನಾಯಕನ ಪಾಠ ಮಾಡಿದವರು. ಮೇಲೆ ಉಯ್ಯಾಲೆ ಕಂಬದ ಕೆಳಗೆ ಕೂತು, ಇಷ್ಟು ದಿನ ನೋಡದೇ ಪಾಠ ಮಾಡಿದೆನಲ್ಲ ಅಂದರು. ಆ ದಿನ ಕರೆದುಕೊಂಡು ಹೋಗದೇ ಇದ್ದಿದ್ದರೆ ಮೈದುನ ಕರೆದುಕೊಂಡು ಹೋಗ್ತಿದ್ದನಾ?

ಒಂಟಿಸಲಗ:
600 ಕೊಟ್ಟು ಕೇಳಿದ್ದೇನು? 19 ಬಾಗಿಲು, 38 ದಿಡ್ಡಿ, 35 ಕಳ್ಳಗಂಡಿ. ಗಿಣಿಪಾಠ. ನಾನು ಗೈಡ್ ಇಲ್ಲದೆ, ಬೆಳಿಗ್ಗೆ ಆರಕ್ಕೆ ಗೇಟು ತೆಗೆದಾಗಲೇ ಒಳಗೆ ಹೋದವನು. ಅರ್ಧ ದಿನ ಬರೀ ಬಾಗಿಲುಗಳಲ್ಲೇ ಕಳೆದೆ. ಒಂದು ಬಾಗಿಲು ದಾಟಿ ನಿಂತು ನೋಡಿ, ಮುಂದಿನ ಬಾಗಿಲು ಕಣ್ಣಿಗೆ ಬೀಳೋದೇ ಇಲ್ಲ. ಎದುರಿಗೆ ಗೋಡೆ, ತಿರುಗಲೇಬೇಕು. ಆನೆ ಬಿಟ್ಟು ಗುದ್ದಿಸೋಣ ಅಂದರೆ ಓಡಿ ಬರೋಕೆ ಜಾಗ ಇಲ್ಲ. ನುಗ್ಗಿದವನು ತಿರುಗೋ ಹೊತ್ತಿಗೆ ಎರಡೂ ಕಡೆ ಗೋಡೆ ಮೇಲಿನವರು ತಯಾರು. ಬಂಡೆ ಸೀಳೋಕೆ ಹೊಡೆದ ಉಳಿ ಕುಳಿಗಳ ಸಾಲು ಅಲ್ಲಲ್ಲಿ ಹಾಗೇ ಇವೆ, ಕೆಲಸ ಅರ್ಧಕ್ಕೆ ಬಿಟ್ಟು ಊಟಕ್ಕೆ ಎದ್ದವರ ಹಾಗೆ. ಇದನ್ನೆಲ್ಲ ಯಾವ ಗೈಡೂ ನಿಲ್ಲಿಸಿ ತೋರಿಸಲ್ಲ. ಅವರಿಗೆ ಕಿಂಡಿ ಮುಟ್ಟಿಸಿ, ಫೋಟೋ ತೆಗೆದು, ಮುಂದಿನ ಗಿರಾಕಿ ಹಿಡಿಯೋ ಅವಸರ.

ಜೋಗಿಮಟ್ಟಿ ಗಾಳಿ:
ಗಿಣಿಪಾಠ ಅಂದ ಸ್ವಾಮಿಗಳೇ, ನಮ್ಮ ಚಿಕ್ಕಪ್ಪ ಇದೇ ಕೋಟೇಲಿ ಗೈಡು. ಸೀಜನ್ ಇಲ್ಲದ ದಿನ ಬರಿಗೈಲಿ ಮನೆಗೆ ಬರ್ತಾನೆ. ಅವನ ಜೊತೆ ಹೋದೋರಿಗೆ ನೀರಿನ ದಾರಿ ತೋರಿಸ್ತಾನೆ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ಅಕ್ಕ-ತಂಗಿ ಹೊಂಡಕ್ಕೆ ಇಳೀತೈತೆ, ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಪೇಟೆಯ ಸಂತೆಹೊಂಡ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳೋ ಊರು ನಮ್ದು. ಅದೂ ಕೈಕೊಟ್ಟ ವರ್ಷ ಎಷ್ಟೋ. ಹೈದರಾಲಿ ದಂಡು ತಿಂಗಳುಗಟ್ಟಲೆ ಕೆಳಗೆ ಬೀಡುಬಿಟ್ರೂ ಮೇಲಿನೋರು ಬಾಯಾರಿ ಸಾಯಲಿಲ್ಲ ಅಂದ್ರೆ ಈ ಹೊಂಡಗಳಿಂದ. ನೀವು ಆರಕ್ಕೇ ಹೋಗಿ ಬಾಗಿಲು ತಡಕಾಡ್ತಾ ನಿಂತಿದ್ರೆ ಇದು ಹೆಂಗೆ ಕಾಣಬೇಕು?

ಒಂಟಿಸಲಗ:
ಹೊಂಡ ನಾನೂ ನೋಡಿದ್ದೇನೆ. ಪ್ಲಾಸ್ಟಿಕ್ ಬಾಟಲಿ ತೇಲುತ್ತಿದ್ದವು. ಅದನ್ನೂ ಚಿಕ್ಕಪ್ಪ ತೋರಿಸ್ತಾರಾ?

ಶಾಸನಪ್ರಿಯ:
ಇಬ್ಬರೂ ನಾಯಕರಿಂದಲೇ ದುರ್ಗ ಶುರು ಅನ್ನೋ ಹಾಗೆ ಮಾತಾಡ್ತಿದ್ದೀರಿ. ಹೊಯ್ಸಳರ ಕಾಲದ ಶಾಸನಗಳಲ್ಲೇ ಈ ಊರು ಬೆಮ್ಮತ್ತನಕಲ್ಲು ಅಂತ ಬರುತ್ತೆ. ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನ ಇದೆ, ಅದೂ ಕೆರೆಯ ವಿಷಯವೇ. ಬಂದವರೆಲ್ಲ ಕಾರು ಕೋಟೆ ಬಾಗಿಲಿಗೆ ಒಯ್ದು ನಿಲ್ಲಿಸ್ತಾರೆ, ಚಂದ್ರವಳ್ಳಿಗೆ ಹೋಗೋರು ಎಷ್ಟು ಜನ? ಇನ್ನೊಂದು. ಬಂದ ಗೈಡ್ ಮಕ್ಕಳಿಗೆ “1779ರಲ್ಲಿ ಓಬವ್ವ” ಅಂತ ಹೇಳಿಕೊಟ್ಟ. ನಾನು ಅಲ್ಲೇ ತಡೆದೆ, ಜಗಳವೇ ಆಯಿತು. 1779 ಕೋಟೆ ಬಿದ್ದ ವರ್ಷ. ಹೈದರ್ ಅದಕ್ಕೂ ಮುಂಚೆ ಮುತ್ತಿಗೆ ಹಾಕಿ ಕೋಟೆ ಸಿಗದೆ ಹಿಂದೆ ಹೋಗಿದ್ದ. ಕಿಂಡಿಯಲ್ಲಿ ನುಸುಳಿದವರನ್ನು ಓಬವ್ವ ಒನಕೆಯಲ್ಲಿ ಬಡಿದು ಕೆಡವಿದ್ದು ಕೋಟೆ ಉಳಿದ ಕಥೆ, ಬಿದ್ದ ಕಥೆ ಅಲ್ಲ. ಎರಡನ್ನೂ ಒಂದೇ ವರ್ಷಕ್ಕೆ ಗಂಟು ಹಾಕಿದರೆ ಹೇಗೆ?

ಜೋಗಿಮಟ್ಟಿ ಗಾಳಿ:
ಓಹೋ, ಆ ದಿನ ಮಕ್ಕಳ ಮುಂದೆ ಗೈಡ್ ಮರ್ಯಾದೆ ತೆಗೆದೋರು ನೀವೇ ಏನು? ದುರ್ಗದಲ್ಲಿ ಆ ಕಥೆ ಇನ್ನೂ ಹೇಳ್ತಾರೆ. ನಮ್ಮಜ್ಜಿ ಇಸವಿ ಹೇಳ್ತಿರಲಿಲ್ಲ. ಗಂಡ ಕಹಳೆ ಮುದ್ದ ಹನುಮ ಉಣ್ತಾ ಕೂತಿದ್ದ, ಇವಳು ಕಿಂಡಿ ಹತ್ರದ ತಣ್ಣೀರು ದೋಣಿಗೆ ನೀರಿಗೆ ಬಂದಳು, ಅಷ್ಟೇ. 2021ರಿಂದ ಸರ್ಕಾರವೇ ನವೆಂಬರ್ 11ಕ್ಕೆ ಓಬವ್ವ ಜಯಂತಿ ಮಾಡ್ತೈತೆ. ನೀವು ಇಸವಿ ಹಿಡ್ಕೊಂಡು ಕೂತ್ಕೊಳ್ಳಿ.

ಶಾಸನಪ್ರಿಯ:
ಜಯಂತಿ ಮಾಡಿದ ಮಾತ್ರಕ್ಕೆ ಇಸವಿ ಸಿಗಲ್ಲ. ಜನರ ಬಾಯಲ್ಲಿ ಉಳಿದ ಕಥೆ ಅಂತ ಹೇಳಿ, ಅದರಿಂದ ಓಬವ್ವ ಚಿಕ್ಕವಳಾಗಲ್ಲ.

ಮಣ್ಣಿನ ಗೋಡೆ:
ಕಿಂಡಿ, ಕಿಂಡಿ, ಕಿಂಡಿ! ಅಲ್ಲೇ ಮುಂದೆ ಅರಮನೆಯ ಮಣ್ಣಿನ ಗೋಡೆಗಳು ನಿಂತಿವೆ, ಎರಡು ಶತಮಾನಕ್ಕೂ ಮೀರಿದ ಮಳೆಗೆ ಮೈಯೊಡ್ಡಿ. ನಾನು ಅದಕ್ಕೋಸ್ಕರವೇ ಹೋದವಳು. ಮಾಡು ಹೋಗಿದೆ, ಮಣ್ಣು ಬಿಟ್ಟಿಲ್ಲ. 1779ರಲ್ಲಿ ಮದಕರಿಯನ್ನೂ ಮನೆಯವರನ್ನೂ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು, ಸಾವಿರಾರು ಬೇಡರನ್ನೂ ಎಬ್ಬಿಸಿಕೊಂಡು ಹೋದರು. ಹೆಂಗಸರು ಮಕ್ಕಳು ಯಾವ ಬಾಗಿಲಿಂದ ಇಳಿದಿರಬಹುದು ಅಂತ ಯೋಚನೆ ಮಾಡುತ್ತಾ ನಿಂತಿದ್ದೆ, ಹಿಂದಿನಿಂದ ಕಾಲೇಜು ಹುಡುಗರ ಗುಂಪು ಗೋಡೆ ಹತ್ತಿ ಸೆಲ್ಫಿ. ಇಳೀರಪ್ಪ ಅಂದಿದ್ದಕ್ಕೆ “ನಿಮ್ಮಪ್ಪನ ಮನೇನಾ ಆಂಟಿ?” ಕಾವಲಿನವನು ಮೊಬೈಲ್ ನೋಡ್ತಾ ಕೂತಿದ್ದ. ಅರ್ಜಿ ಬರೆದೆ, ರಿಜಿಸ್ಟರ್ಡ್ ಪೋಸ್ಟು, ಜೆರಾಕ್ಸು, ಮತ್ತೆ ಜ್ಞಾಪನ ಪತ್ರ, ಒಟ್ಟು 212 ರೂಪಾಯಿ. ಉತ್ತರವಿಲ್ಲ. ನಾಲ್ಕನೇ ಕ್ಲಾಸಿನ ಹುಡುಗನನ್ನು ಕೈಬಿಡಬೇಡಿ ಅಂತ ಇದರ ಅರ್ಥ.

ಒಂಟಿಸಲಗ:
ಗೋಡೆ ಹತ್ತೋದು ತಪ್ಪೇ. ಆದರೆ ಬಂಡೆ ಹತ್ತೋದಕ್ಕೂ ಕೂಗಾಡೋರು ಇದ್ದಾರೆ. ತುಪ್ಪದ ಕೊಳದ ಬತೇರಿಗೆ, ಅಂದರೆ ಕಾವಲು ಬುರುಜಿಗೆ, ಬಂಡೆಯಲ್ಲಿ ಕೊರೆದ ಪಾದಗುಳಿ ಹಿಡಿದೇ ಹತ್ತಬೇಕು, ನಾಯಕರ ಕಾವಲಿನವರೂ ಹಾಗೇ ಹತ್ತಿದ್ದು. ನಾನು ಹತ್ತಿದೆ. ಕೆಳಗೆ ನಿಂತು ಒಬ್ಬ ಹೆಂಗಸು ಪೊಲೀಸ್ ಕರೀತೀನಿ ಅಂದಳು.

ಮಣ್ಣಿನ ಗೋಡೆ:
ಮಳೆ ಬಿದ್ದ ಮಾರನೇ ದಿನ ಚಪ್ಪಲಿಯಲ್ಲಿ ಹತ್ತಿದವರು ನೀವಾಗಿದ್ದರೆ, ಆ ಹೆಂಗಸು ನಾನೇ. ಈಗಲೂ ಕರೀತೀನಿ.

ದಾರಿಹೋಕ:
ಎಲ್ಲರಿಗೂ ವಂದನೆ. ಅಮ್ಮನ ಮಂಡಿ ವಿಷಯ ಯಾರಾದರೂ?

ಬಿಸಿಲ್ಗುದುರೆ:
ಬಾಗಿಲುಗಳ ಒಳಗೆ ನೆಲಹಾಸು ನುಣುಪು, ಏರು ಇದೆ, ನಿಧಾನಕ್ಕೆ ಬರಬಹುದು. ಸಿಡಿಮದ್ದು ಬೀಸುವ ಕಲ್ಲುಗಳ ಗುಂಡಿವರೆಗೆ ಬಂದರೆ ಸಾಕು, ನಾಲ್ಕು ಭಾರೀ ಬೀಸುಗಲ್ಲು, ನೋಡೋ ಹಾಗಿವೆ. ಆಮೇಲೆ ಮೆಟ್ಟಿಲು. ಅಲ್ಲಿ ಅಪ್ಪನನ್ನೋ ನಿಮ್ಮನ್ನೋ ಅಮ್ಮನ ಜೊತೆ ಕೂರಿಸಿ. ಚೀಲ ಮಾತ್ರ ಕಾರಲ್ಲೇ ಬಿಡಿ, ಮಾತ್ರೆ ಜೇಬಿನಲ್ಲಿ. ನಮ್ಮ ಗೈಡ್ ಅದನ್ನೂ ಹೇಳಲಿಲ್ಲ.

ಜೋಗಿಮಟ್ಟಿ ಗಾಳಿ:
800 ಕೇಳಿದೋನಿಗೆ 600 ಕೊಟ್ರೆ ಮಂಗನ ವಿಷಯ ಬಿಟ್ಟೇ ಹೇಳ್ತಾನೆ. ದಾರಿಹೋಕರೇ, ಬೆಳಿಗ್ಗೆ ಏಳಕ್ಕೆ ಬನ್ನಿ, ನಾಲ್ಕು ಗಂಟೆ ಇಟ್ಕೊಳ್ಳಿ. ಮಗ ಕಿಂಡಿಗೆ ಚಿಕ್ಕಪ್ಪನ ಜೊತೆ ಹೋಗಿ ಬರಲಿ, ನೀವು ಅಮ್ಮನ ಹತ್ರ ಕೂತಿರಿ. ಇಸವಿ ಕೇಳಿದ್ರೆ ಶಾಸನಪ್ರಿಯರನ್ನ ಕೇಳು ಅಂತಾನೆ.

ಶಾಸನಪ್ರಿಯ:
ಕೇಳಲಿ. ಚಂದ್ರವಳ್ಳಿಗೂ ಕರೆದುಕೊಂಡು ಹೋಗೋಕೆ ಹೇಳಿ ಮೊದಲು.